ಯಾವ ಬ್ಯಾಂಡಿಗೂ ಒಗ್ಗುವ ಬೇಸ್ ವಾದಕರಾಗುವುದು ಹೇಗೆ: ಕೋಲ್‌ರಿಜ್ ಗೂಡ್ ತೋರಿಸಿದ ದಾರಿ

ಪಿಟೀಲಿನ ಜಾತಿಯ ದೊಡ್ಡ, ಕೆಳದನಿಯ ವಾದ್ಯವಾದ ಡಬಲ್ ಬೇಸ್ ಕಲಿಯಲು ಬರುವವರು ಮೊದಲು ಕೇಳುವ ಪ್ರಶ್ನೆ, "ಯಾವ ಶೈಲಿಯಿಂದ ಶುರು ಮಾಡಲಿ?" ಜಾಝ್‌ನಲ್ಲಿ ಕುಣಿತದ ಸ್ವಿಂಗ್ ಸಾಕಾ, ವೇಗದ ಬೀಬಾಪ್ ಬೇಕಾ, ಕಟ್ಟುಪಾಡು ಸಡಿಲಿಸಿದ ಫ್ರೀ ಜಾಝ್ ಆಮೇಲೆ ನೋಡಿಕೊಳ್ಳೋಣವಾ? ನಾನು ಶೈಲಿಗಳ ಪಟ್ಟಿ ಕೊಡುವುದಿಲ್ಲ. ಜಾಝ್ ಬೇಸ್ ವಾದಕ ಕೋಲ್‌ರಿಜ್ ಗೂಡ್ ಅವರ ರೆಕಾರ್ಡಿಂಗ್‌ಗಳನ್ನು ಹಳೆಯದರಿಂದ ಹೊಸದಕ್ಕೆ ಕೇಳುತ್ತಾ ಹೋಗಿ ಅಂತ ಹೇಳುತ್ತೇನೆ. ಎದುರಿಗಿರುವ ಬ್ಯಾಂಡಿಗೆ ಈ ಕ್ಷಣದಲ್ಲಿ ಏನು ಬೇಕು ಅಂತ ಕೇಳಿಸಿಕೊಂಡು ಅದನ್ನು ಕೊಡುವ ಗುಣ ಬಂದರೆ, ಶೈಲಿಗಳು ಹಿಂದೆಯೇ ಬರುತ್ತವೆ. ಗೂಡ್ ಅವರಲ್ಲಿ ಆ ಗುಣ ಹೇರಳವಾಗಿತ್ತು.

ಗೂಡ್ ಹುಟ್ಟಿದ್ದು 1914ರಲ್ಲಿ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಅಪ್ಪ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು, ಗಾಯಕರ ತಂಡ ನಡೆಸುತ್ತಿದ್ದರು. ಮಗನಿಗೆ ಸ್ಯಾಮ್ಯುಯೆಲ್ ಕೋಲ್‌ರಿಜ್-ಟೇಲರ್ ಎಂಬ ಕಪ್ಪುವರ್ಣೀಯ ಬ್ರಿಟಿಷ್ ಸಂಯೋಜಕರ ಹೆಸರಿಟ್ಟರು. ಹುಡುಗ ಕಲಿತದ್ದು ಪಿಟೀಲು. 1934ರಲ್ಲಿ ಎಂಜಿನಿಯರಿಂಗ್ ಓದಲು ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋದರು. ಅಲ್ಲಿ ಜಾಝ್ ಹಿಡಿಸಿತು, ಪಿಟೀಲು ಬಿಟ್ಟು ಬೇಸ್ ಎತ್ತಿಕೊಂಡರು. 1940ರ ದಶಕದ ಶುರುವಿನಲ್ಲಿ ಲಂಡನ್ ಸೇರಿದರು. 2015ರಲ್ಲಿ ತೀರಿಕೊಂಡಾಗ ಅವರಿಗೆ 100 ವರ್ಷ.

ಪಿಟೀಲು, ಗಿಟಾರ್ ಅಂತ ಬೇರೆ ವಾದ್ಯದಿಂದ ಬೇಸ್‌ಗೆ ಬರುವವರಿಗೆ ಮೊದಲ ಕೆಲಸ ಎಡಗೈಯದ್ದು. ಪಿಟೀಲಿನ ತಂತಿಗಳು, ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ, ಕೆಳಗಿನ ಸ್ವರದಿಂದ ಜಿ, ಡಿ, ಎ, ಇ. ಬೇಸ್‌ನವು ಇ, ಎ, ಡಿ, ಜಿ. ಅದೇ ನಾಲ್ಕು ಅಕ್ಷರ, ಕ್ರಮ ಮಾತ್ರ ತಿರುಗುಮುರುಗು. ಆದರೆ ಪಿಟೀಲಿನಲ್ಲಿ ತಂತಿಯಿಂದ ತಂತಿಗೆ ಐದು ಸ್ವರದ ಜಿಗಿತ, ಬೇಸ್‌ನಲ್ಲಿ ನಾಲ್ಕರದು. ಇನ್ನೊಂದು ವಿಷಯ, ಬೇಸ್‌ನ ಕೆಳಸ್ವರಗಳ ಸ್ಥಾನಗಳಲ್ಲಿ, ಅಂದರೆ ಕುತ್ತಿಗೆಯ ತುದಿಯ ಹತ್ತಿರ, ತೋರುಬೆರಳಿನಿಂದ ಕಿರುಬೆರಳಿನವರೆಗೆ ಕೈ ಅಗಲಿಸಿದರೂ ಸಿಗುವುದು ಎರಡು ಅರೆಸ್ವರ ಅಷ್ಟೇ. ಉಂಗುರದ ಬೆರಳು ಸ್ವತಂತ್ರವಾಗಿ ಒತ್ತುವುದಿಲ್ಲ, ಕಿರುಬೆರಳಿಗೆ ಬಲ ಕೊಡುತ್ತಾ ಜೊತೆಗಿರುತ್ತದೆ. ಹಾಗಾಗಿ ಕೈ ಸದಾ ಜಾರುತ್ತಿರಬೇಕು. ಒಂದೇ ತಂತಿಯ ಮೇಲೆ ಒಂದು ಸ್ಕೇಲ್ ತಗೊಂಡು, ಮೇಲಿನವರೆಗೆ ಹೋಗಿ ಬನ್ನಿ. ಕಣ್ಣಿನಿಂದ ಜಾಗ ಹುಡುಕಬೇಡಿ. ಸ್ವರವನ್ನು ಮೊದಲು ಬಾಯಲ್ಲಿ ಹಾಡಿ, ಆಮೇಲೆ ಕೈ ಜಾರಿಸಿ. ಇದು ಬೇಸರದ ಸಾಧನೆ ಅಂತ ಅನಿಸಬಹುದು, ಆದರೆ ಮುಂದಿನದೆಲ್ಲ ನಿಂತಿರುವುದು ಇದರ ಮೇಲೆಯೇ.

ಈಗ ಕೇಳಲು ಶುರು ಮಾಡಿ. 1946ರಲ್ಲಿ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಲಂಡನ್‌ಗೆ ಬಂದರು. ಎರಡನೇ ಮಹಾಯುದ್ಧದ ಕಾಲದಲ್ಲಿ ದೂರವಾಗಿದ್ದ ಪಿಟೀಲುಗಾರ ಸ್ಟೆಫಾನ್ ಗ್ರಪೆಲ್ಲಿ ಜೊತೆ ಮತ್ತೆ ರೆಕಾರ್ಡಿಂಗ್‌ಗೆ ಕೂತರು. ಬೇಸ್ ನುಡಿಸಿದ್ದು ಗೂಡ್. ಫ್ರಾನ್ಸಿನ ರಾಷ್ಟ್ರಗೀತೆಯನ್ನು ಅವರು ಸ್ವಿಂಗ್ ಮಾಡಿದ ರೆಕಾರ್ಡಿಂಗ್ ಆಗಿನದೇ. ಆ ತಂಡದಲ್ಲಿ ಡ್ರಮ್ಸ್ ಇಲ್ಲ. ಲಯ ಹಿಡಿಯಲು ಎರಡು ಗಿಟಾರ್ ಮತ್ತು ಒಂದು ಬೇಸ್ ಮಾತ್ರ. ಮೊದಲ ಸಲ ಕೇಳುವಾಗ ಕಿವಿ ಜಾಂಗೋ ಕಡೆ ಓಡುತ್ತದೆ, ಓಡಲಿ ಬಿಡಿ. ಎರಡನೇ ಸಲ ಬೇಸ್ ಒಂದನ್ನೇ ಹಿಂಬಾಲಿಸಿ. ಬೇಕಿದ್ದರೆ ಬಾಯಲ್ಲಿ "ದುಂ ದುಂ" ಅಂತ ಜೊತೆಗೆ ಹಾಡಿ. ಡ್ರಮ್ಸ್ ಇಲ್ಲದ ಕಡೆ ಬೇಸ್ ಸ್ವರದ ಆರಂಭ ಚೂಪಾಗಿರಬೇಕು. ಸ್ವರ ಎಷ್ಟು ಉದ್ದ ನಿಲ್ಲುತ್ತದೆ ಅನ್ನುವುದೂ ನಿಮ್ಮ ಹಿಡಿತದಲ್ಲಿರಬೇಕು.

ಇದಕ್ಕೆ ಸಾಧನೆ ಹೀಗೆ. ಮೆಟ್ರೋನೋಮ್, ಅಂದರೆ ಲಯಕ್ಕೆ ಟಿಕ್ ಅನ್ನುವ ಸಾಧನ, ನಿಮಿಷಕ್ಕೆ 60ಕ್ಕೆ ಇಡಿ. ಆ ಟಿಕ್ ಶಬ್ದವನ್ನು ಎರಡನೇ ಮತ್ತು ನಾಲ್ಕನೇ ಬೀಟ್ ಅಂತ ಭಾವಿಸಿ. ಅಂದರೆ ನೀವು ನುಡಿಸುವ ವೇಗ 120. ಒಂದು ಮತ್ತು ಮೂರನ್ನು ನೀವೇ ಹುಟ್ಟಿಸಬೇಕು. ಅದು ಗಟ್ಟಿಯಾದ ಮೇಲೆ ಮೆಟ್ರೋನೋಮ್ 30ಕ್ಕೆ ಇಳಿಸಿ, ಟಿಕ್ ನಾಲ್ಕನೇ ಬೀಟಿನಲ್ಲಿ ಮಾತ್ರ ಬರಲಿ. ಎಲ್ಲಿ ಅವಸರ ಮಾಡುತ್ತೀರಿ, ಎಲ್ಲಿ ಎಳೆಯುತ್ತೀರಿ ಅನ್ನುವುದು ಆಗ ತಾನಾಗಿ ಬಯಲಾಗುತ್ತದೆ.

ಲಯ ಗಟ್ಟಿಯಾದ ಮೇಲೆ ವಾಕಿಂಗ್ ಬೇಸ್, ಅಂದರೆ ಪ್ರತಿ ಬೀಟಿಗೂ ಒಂದು ಸ್ವರ ಇಡುತ್ತಾ ನಡೆಯುವುದು. ಎಫ್‌ನಲ್ಲಿ ಒಂದು ಬ್ಲೂಸ್ ತಗೊಳ್ಳಿ, ಅದು 12 ಬಾರ್‌ನ ಚೌಕಟ್ಟು, ಇಲ್ಲಿ ಒಂದು ಬಾರ್ ಅಂದರೆ ನಾಲ್ಕು ಬೀಟ್. ಕಾರ್ಡ್ ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪು. ಮೊದಲ ಬಾರ್‌ನ ಕಾರ್ಡ್ ಎಫ್, ಮುಂದಿನದು ಬಿ ಫ್ಲ್ಯಾಟ್ (ಬಿಗಿಂತ ಅರೆಸ್ವರ ಕೆಳಗಿನದು). ಎಫ್, ಎ, ಸಿ, ಬಿ ಅಂತ ನಾಲ್ಕು ಬೀಟಿಗೆ ನಾಲ್ಕು ಸ್ವರ ನುಡಿಸಿ, ಮುಂದಿನ ಬಾರ್‌ನ ಮೊದಲ ಬೀಟಿಗೆ ಬಿ ಫ್ಲ್ಯಾಟ್ ಮೇಲೆ ಇಳಿಯಿರಿ. ನಾಲ್ಕನೇ ಸ್ವರವಾದ ಬಿ ಆ ಕಾರ್ಡಿಗೆ ಸೇರಿದ್ದಲ್ಲ. ಆದರೆ ಅದು ಇಳಿಯಬೇಕಾದ ಜಾಗದ ಪಕ್ಕದ ಮೆಟ್ಟಿಲು, ಅದಕ್ಕೇ ಕಿವಿ ಅದನ್ನು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತದೆ. ಕಾರ್ಡ್ ಬದಲಾಗುವ ಪ್ರತಿ ಜಾಗದಲ್ಲೂ ಹೀಗೆ ಮೇಲಿನಿಂದಲೋ ಕೆಳಗಿನಿಂದಲೋ ಅರೆಸ್ವರದ ದೂರದಲ್ಲಿ ಬಂದು ಸೇರುವುದನ್ನು ರೂಢಿ ಮಾಡಿಕೊಳ್ಳಿ. ಈ ರೂಢಿಯನ್ನೇ ಮುಂದೆ ಒಂದು ಕಡೆ ಬಿಡಬೇಕಾಗುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಯುದ್ಧ ಮುಗಿದ ಆಸುಪಾಸಿನಲ್ಲೇ ಗೂಡ್ ರೇ ಎಲಿಂಗ್ಟನ್ ಕ್ವಾರ್ಟೆಟ್‌ನಲ್ಲಿದ್ದರು. ಡ್ರಮ್ಸ್ ನುಡಿಸುತ್ತಾ ಹಾಡುವ ನಾಯಕ, ಪಿಯಾನೋಗೆ ಡಿಕ್ ಕಾಟ್ಸ್, ಎಲೆಕ್ಟ್ರಿಕ್ ಗಿಟಾರ್‌ಗೆ ಟ್ರಿನಿಡಾಡ್‌ನ ಲಾಡರಿಕ್ ಕೇಟನ್. ಜನರನ್ನು ನಗಿಸುವ, ಕುಣಿಸುವ ಸಂಗೀತ ಅದು. ಗಂಭೀರ ಜಾಝ್ ಕೇಳುವವರು ಇಂಥದ್ದನ್ನು ಸುಮ್ನೆ ದಾಟಿಕೊಂಡು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಡಿನ ಮಾತು ಕೇಳುಗರಿಗೆ ತಲುಪಬೇಕಾದರೆ ಬೇಸ್ ಎಲ್ಲಿ ಸುಮ್ಮನಿರಬೇಕು ಅನ್ನುವುದನ್ನು ಇಂಥ ಬ್ಯಾಂಡ್ ಕಲಿಸುವಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲ. ಗಾಯಕರ ಜೊತೆ ನುಡಿಸುವ ಮುನ್ನ ಹಾಡಿನ ಸಾಹಿತ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ. ಉಸಿರು ಎಲ್ಲಿ ಬರುತ್ತದೋ ಅಲ್ಲಿ ನಿಮಗೆ ಜಾಗ ಇದೆ.

ಕಮಾನಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ಜಾಝ್ ಕಲಿಯುವವರು ಅದನ್ನು ಮೂಲೆಗೆ ಹಾಕುತ್ತಾರೆ. ಬೇಸ್ ಮೇಲೆ ಕಮಾನು ಆಡಿಸುತ್ತಾ ಅದೇ ರಾಗದ ಎಳೆಯನ್ನು ಬಾಯಲ್ಲಿ ಗುನುಗುವ ಪದ್ಧತಿಯನ್ನು ಪ್ರಸಿದ್ಧ ಮಾಡಿದವರು ಅಮೆರಿಕದ ಸ್ಲ್ಯಾಮ್ ಸ್ಟೂವರ್ಟ್. ಅವರು ಒಂದು ಸಪ್ತಕ ಮೇಲೆ ಗುನುಗುತ್ತಿದ್ದರು. ಗೂಡ್ ಆ ಪದ್ಧತಿಯನ್ನು ಎತ್ತಿಕೊಂಡು ತಮ್ಮದಾಗಿಸಿಕೊಂಡರು. ಇದನ್ನು ಸಾಧನೆ ಮಾಡಲು ಡಿ ತಂತಿಯಿಂದ ಶುರು ಮಾಡಿ. ಖಾಲಿ ತಂತಿಯ ಮೇಲೆ ಕಮಾನನ್ನು ನಿಧಾನವಾಗಿ, ಬುಡದಿಂದ ತುದಿಯವರೆಗೆ ಎಳೆಯಿರಿ. ಅದರ ಮೇಲಿನ ಸಪ್ತಕದ ಡಿ ಗುನುಗಿ. ಎರಡೂ ಸೇರಿದಾಗ ಎದೆಯಲ್ಲಿ ಒಂದೇ ಕಂಪನ ಗೊತ್ತಾಗುತ್ತದೆ. ಸೇರದಿದ್ದರೆ ದನಿ ಅಲುಗಾಡುತ್ತದೆ. ಆಮೇಲೆ ಎರಡು ಬಾರ್‌ನ ಸಣ್ಣ ಸಾಲನ್ನು ಮೊದಲು ಹಾಡಿ, ನಂತರ ಕಮಾನಿನಲ್ಲಿ ನುಡಿಸಿ, ಕೊನೆಗೆ ಎರಡನ್ನೂ ಸೇರಿಸಿ. ನಿಮ್ಮ ಕಂಠಕ್ಕೆ ಆ ಎತ್ತರ ಹಿಡಿಸದಿದ್ದರೆ ಬೇರೆ ಸಪ್ತಕ ತಗೊಳ್ಳಿ, ಏನೂ ತೊಂದರೆ ಇಲ್ಲ. ದೊಡ್ಡ ಲಾಭ ಏನು ಗೊತ್ತಾ? ಬರೀ ಬೆರಳಿನಲ್ಲಿ ಸೋಲೋ (ಒಂಟಿ ವಾದನ) ಮಾಡುವಾಗ ಉಸಿರೇ ಬೇಕಾಗುವುದಿಲ್ಲ, ಸಾಲು ಮುಗಿಯುವುದೇ ಇಲ್ಲ. ಗುನುಗುವಾಗ ಉಸಿರು ಮುಗಿದ ಕಡೆ ಸಾಲೂ ಮುಗಿಯಲೇಬೇಕು. ಸೋಲೋಗೆ ಮಾತಿನ ಹದ ಬರುವುದು ಅಲ್ಲಿಂದ.

ಇನ್ನು ನನ್ನ ಮಟ್ಟಿಗೆ ಗೂಡ್ ಅವರ ಬದುಕಿನ ಶಿಖರ. 1958ರಲ್ಲಿ ಅವರು ಜೋ ಹ್ಯಾರಿಯಟ್ ಕ್ವಿಂಟೆಟ್ ಸೇರಿದರು. ಹ್ಯಾರಿಯಟ್ ಕೂಡ ಕಿಂಗ್‌ಸ್ಟನ್‌ನವರೇ, ಆಲ್ಟೋ ಸ್ಯಾಕ್ಸೊಫೋನ್ ವಾದಕರು. ಟ್ರಂಪೆಟ್‌ಗೆ ಸೇಂಟ್ ವಿನ್ಸೆಂಟ್ ದ್ವೀಪದ ಶೇಕ್ ಕೀನ್, ಅವರು ಕವಿಯೂ ಹೌದು. ಪಿಯಾನೋಗೆ ಸ್ಕಾಟ್ಲೆಂಡಿನ ಪ್ಯಾಟ್ ಸ್ಮೈತ್, ಡ್ರಮ್ಸ್‌ಗೆ ಫಿಲ್ ಸೀಮನ್. 1960ರಲ್ಲಿ ಈ ತಂಡ "ಫ್ರೀ ಫಾರ್ಮ್" ರೆಕಾರ್ಡ್ ಮಾಡಿತು, ಆಮೇಲೆ "ಆ್ಯಬ್‌ಸ್ಟ್ರ್ಯಾಕ್ಟ್". ಗೂಡ್ ಆಗ 45 ದಾಟಿದ್ದರು. ಎರಡು ದಶಕ ಕಾರ್ಡ್ ಹಿಡಿದು ನಡೆದವರು, ಕಾರ್ಡೇ ಇಲ್ಲದ ಸಂಗೀತಕ್ಕೆ ಮನಸಾರೆ ಇಳಿದರು. ಆ ಪ್ರಾಯದಲ್ಲಿ ಕೈಗೆ ಬಂದದ್ದನ್ನೇ ನುಡಿಸಿಕೊಂಡು ಹಾಯಾಗಿರಬಹುದಿತ್ತು, ಅಲ್ವಾ?

ಹ್ಯಾರಿಯಟ್ ಅವರ ಆಲೋಚನೆ ಬಹಳ ಸ್ಪಷ್ಟ. ಜಾಝ್‌ನಲ್ಲಿ ಸ್ಥಿರವಾದ ನಾಲ್ಕು ಬೀಟ್ ಇದೆ, ಮೊದಲೇ ಗೊತ್ತಿರುವ ಕಾರ್ಡ್‌ಗಳಿವೆ, ಥೀಮ್ (ಮೂಲ ಮಟ್ಟು) ಇದೆ, ಬಾರ್‌ಗಳ ಲೆಕ್ಕ ಇದೆ. ಇವುಗಳಲ್ಲಿ ಯಾವುದನ್ನು ಬೇಕಾದರೂ ಬಿಡಬಹುದು, ಆದರೆ ಪ್ರತಿ ರಚನೆಯಲ್ಲೂ ಕಡೇಪಕ್ಷ ಒಂದನ್ನಾದರೂ ಉಳಿಸಿಕೊಳ್ಳಬೇಕು. "ಫ್ರೀ" ಅಂದರೆ ಮನಬಂದಂತೆ ಅಂತ ತಿಳಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಇದನ್ನೇ ನಾನು ಸಾಧನೆಯ ಕ್ರಮವಾಗಿ ಮಾಡಿಕೊಂಡಿದ್ದೇನೆ, ಕಲಿಯುವವರಿಗೂ ಹೇಳಿಕೊಡುತ್ತೇನೆ.

ಅದೇ ಎಫ್ ಬ್ಲೂಸ್ ತಗೊಳ್ಳಿ. ಮೊದಲು ಎಂದಿನಂತೆ ನುಡಿಸಿ. ಎರಡನೇ ಸಲ ನಾಲ್ಕು ಬೀಟ್ ಮತ್ತು 12 ಬಾರ್ ಉಳಿಸಿಕೊಂಡು ಕಾರ್ಡ್‌ಗಳನ್ನು ಬಿಡಿ. ಯಾವ ಸ್ವರ ಬೇಕಾದರೂ ಬರಲಿ, ನಡಿಗೆ ಮಾತ್ರ ತಪ್ಪಬಾರದು, 12 ಮುಗಿದದ್ದು ಮನಸ್ಸಿಗೆ ಗೊತ್ತಿರಬೇಕು. ಮೂರನೇ ಸಲ ಕಾರ್ಡ್‌ಗಳ ಕ್ರಮ ಉಳಿಸಿ, ಬೀಟ್ ಬಿಡಿ. ಒಂದೊಂದು ಕಾರ್ಡಿನಲ್ಲಿ ಕಿವಿಗೆ ಸಾಕೆನಿಸುವವರೆಗೆ ನಿಲ್ಲಿ. ನಾಲ್ಕನೇ ಸಲ ಥೀಮ್ ಒಂದನ್ನೇ ಇಟ್ಟುಕೊಳ್ಳಿ. ಪ್ರತಿಯೊಂದನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಕಾರ್ಡ್ ಬಿಟ್ಟ ಭಾಗದಲ್ಲಿ ಬೆರಳು ಪದೇ ಪದೇ ಎಫ್‌ಗೆ ಓಡಿಹೋಗುತ್ತಿದೆಯಾ ಅಂತ ನೋಡಿ. ಹಾಗಾಗುವುದು ಸಹಜ, ಆದರೆ ಅದು ಆಯ್ಕೆಯಾಗಿರಬೇಕು, ಹೆದರಿಕೆಯಾಗಿರಬಾರದು.

ಒಬ್ಬರೇ ಮಾಡಿದ ಮೇಲೆ ಡ್ರಮ್ಮರ್ ಜೊತೆ ಮಾಡಿ. ಒಂದು ನಿಯಮ ಇಟ್ಟುಕೊಳ್ಳಿ: ಅವರು ದಟ್ಟವಾದಾಗ ನೀವು ತೆಳುವಾಗಬೇಕು, ಅವರು ನಿಂತಾಗ ನೀವು ನಡೆಯಬೇಕು. ಸ್ವಲ್ಪ ಹೊತ್ತಿನ ಮೇಲೆ ನಿಯಮ ಬಿಟ್ಟುಬಿಡಿ. ಇದಾದ ಮೇಲೆ "ಫ್ರೀ ಫಾರ್ಮ್" ಮತ್ತೊಮ್ಮೆ ಕೇಳಿ. ಮೊದಲು ಗೊಂದಲ ಅನಿಸಿದ ಜಾಗದಲ್ಲಿ ಐದು ಜನ ಒಬ್ಬರಿಗೊಬ್ಬರು ಎಷ್ಟು ಗಮನ ಕೊಡುತ್ತಿದ್ದಾರೆ ಅಂತ ಈಗ ಕೇಳಿಸುತ್ತದೆ.

ನಮ್ಮ ಕಿವಿಗೆ ತುಂಬ ಹತ್ತಿರವಾದದ್ದು ಮುಂದಿನ ಹಂತ. ಕಲ್ಕತ್ತದಲ್ಲಿ ಹುಟ್ಟಿದ ಸಂಯೋಜಕ ಜಾನ್ ಮೇಯರ್ 1960ರ ದಶಕದಲ್ಲಿ ಹ್ಯಾರಿಯಟ್ ಜೊತೆ ಸೇರಿ ಇಂಡೋ-ಜಾಝ್ ಫ್ಯೂಷನ್ಸ್ ತಂಡ ಕಟ್ಟಿದರು. ಜಾಝ್ ವಾದಕರ ಪಕ್ಕದಲ್ಲೇ ಸಿತಾರ್‌ಗೆ ದಿವಾನ್ ಮೋತಿಹಾರ್, ತಬಲಾಗೆ ಕೇಶವ ಸಾಠೆ, ಜೊತೆಗೆ ತಂಬೂರಿ. ಅದೇ ಹೆಸರಿನ 1967ರ ರೆಕಾರ್ಡ್‌ನಲ್ಲಿ ಬೇಸ್ ಗೂಡ್ ಅವರದು.

ಇಂಥ ತಂಡದಲ್ಲಿ ಕೂತಾಗ ಬೇಸ್ ವಾದಕರು ಮೊದಲು ಕೇಳಿಕೊಳ್ಳಬೇಕಾದ್ದು, ಆಧಾರ ಸ್ವರ ಹಿಡಿಯುವ ಕೆಲಸ ಯಾರದು ಅಂತ. ಜಾಝ್‌ನಲ್ಲಿ ಅದು ನಿಮ್ಮದೇ. ಇಲ್ಲಿ ತಂಬೂರಿ ಆಗಲೇ ಷಡ್ಜ ಹಿಡಿದು ಕೂತಿದೆ. ನೀವೂ ಅದನ್ನೇ ಬಿಡದೆ ಬಾರಿಸಿದರೆ ಮಬ್ಬಾಗುತ್ತದೆ. ಷಡ್ಜ ಡಿ ಆಗಿದ್ದರೆ ನಿಮ್ಮ ಅದೃಷ್ಟ: ಡಿ ಖಾಲಿ ತಂತಿ, ಪಂಚಮವಾದ ಎ ಕೂಡ ಖಾಲಿ ತಂತಿ. ಸಮದ (ತಾಳದ ಮೊದಲ ಬೀಟಿನ) ಮೇಲೆ ಒಂದು ಡಿ ಮೀಟಿ, ಅದು ಪೂರ್ತಿ ಮೊಳಗಿ ಇಳಿಯುವವರೆಗೆ ಬಿಡಿ. ತಬಲಾದ ಎಡಗೈ, ಅಂದರೆ ಡಗ್ಗ, ಎಲ್ಲಿ ಗುಂಯ್‌ಗುಡುತ್ತದೆ ಅಂತ ಕೇಳಿ. ನಿಮ್ಮ ಸ್ವರವೂ ಅದೇ ಕೆಳಗಿನ ಜಾಗದಲ್ಲಿರುವುದರಿಂದ ಇಬ್ಬರೂ ಒಟ್ಟಿಗೆ ಬಿದ್ದರೆ ಯಾರೂ ಕೇಳಿಸುವುದಿಲ್ಲ. ಮತ್ತೆ, ಆಗ ಹೇಳಿದ ಅರೆಸ್ವರದ ರೂಢಿ. ರಾಗದಲ್ಲಿ ಇಲ್ಲದ ಸ್ವರವನ್ನು ಪಕ್ಕದ ಮೆಟ್ಟಿಲು ಅಂತ ಬಳಸಿದರೆ ರಾಗ ಅಲ್ಲೇ ಕೆಡುತ್ತದೆ. ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ, ತಡೆಯಬೇಕು. ಆರೋಹಣ, ಅವರೋಹಣ ಎರಡನ್ನೂ ಹಾಡಿ ಗಟ್ಟಿ ಮಾಡಿಕೊಂಡ ಮೇಲೆಯೇ ಬೇಸ್ ಮುಟ್ಟಿ.

ಪಿಯಾನೋ ವಾದಕ ಮೈಕಲ್ ಗ್ಯಾರಿಕ್ ಜೊತೆಗೂ ಗೂಡ್ ತುಂಬ ನುಡಿಸಿದರು. ಕವಿಗಳು ಓದುವ ವೇದಿಕೆಯಲ್ಲಿ ಜಾಝ್ ನುಡಿಸುವ ಕೆಲಸವೂ ಅದರಲ್ಲಿತ್ತು. ಗಾಯಕರ ಬಗ್ಗೆ ಹೇಳಿದ್ದೇ ಇಲ್ಲಿಗೂ ಸಾಕು. ಒಂದೇ ವ್ಯತ್ಯಾಸ, ಓದುವವರಿಗೆ ಬೀಟ್ ಇರುವುದಿಲ್ಲ. ನೀವು ಅವರ ವಾಕ್ಯದ ಕೊನೆಗೆ ಕಾಯಬೇಕು.

ಇಷ್ಟೆಲ್ಲ ನುಡಿಸುವ ಕೆಲಸ ಆಯಿತು. ಕರೆ ಬರುತ್ತಲೇ ಇರಬೇಕಾದರೆ ಇನ್ನೂ ಕೆಲವು ಬೇಕು. ನೊಟೇಶನ್ ಓದಲು ಬರಲೇಬೇಕು, ಬೇಸ್ ಕ್ಲೆಫ್‌ನಲ್ಲಿ (ಕೆಳಸ್ವರಗಳನ್ನು ಬರೆಯುವ ಪದ್ಧತಿಯಲ್ಲಿ) ದಿನಾ ಒಂದು ಹೊಸ ಪುಟ ಓದಿ. ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನ), ಕೇಬಲ್, ಆ್ಯಂಪ್ ಹೇಗೆ ಕೆಲಸ ಮಾಡುತ್ತವೆ ಅಂತ ತಿಳಿದುಕೊಳ್ಳಿ, ಒಂದು ಹೆಚ್ಚುವರಿ ಕೇಬಲ್ ಚೀಲದಲ್ಲಿರಲಿ. ಹೊಸ ಬ್ಯಾಂಡ್ ಜೊತೆ ವೇದಿಕೆ ಹತ್ತುವ ಮುನ್ನ ಯಾರು ಕೌಂಟ್ ಕೊಡುತ್ತಾರೆ (ಎಣಿಸಿ ಶುರು ಮಾಡಿಸುತ್ತಾರೆ), ಸೋಲೋಗಳ ಹಿಂದೆ ಎರಡು ಬೀಟ್ ಬೇಕಾ ನಾಲ್ಕು ಬೇಕಾ, ಕೊನೆ ಹೇಗೆ ಅಂತ ಕೇಳಿ. ಡ್ರಮ್ಮರ್‌ನ ಹೈ-ಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ತಾಳ) ಕಾಣುವ, ಪಿಯಾನೋ ವಾದಕರ ಎಡಗೈ ಕಾಣುವ ಜಾಗದಲ್ಲಿ ನಿಲ್ಲಿ.

ಕೊನೆಯದಾಗಿ ಮೈ. ಗೂಡ್ 90 ದಾಟಿದ ಮೇಲೂ ಜನರ ಮುಂದೆ ಬೇಸ್ ನುಡಿಸುತ್ತಿದ್ದರು. ಈ ವಾದ್ಯದ ಗಾತ್ರ ಗೊತ್ತಿರುವವರಿಗೆ ಅದು ಎಂಥ ಮಾತು ಅಂತ ಅರ್ಥವಾಗುತ್ತದೆ. ತಂತಿಗಳನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಇಟ್ಟುಕೊಂಡು ಬಲ ಪ್ರದರ್ಶನ ಮಾಡಬೇಡಿ. ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜ್‌ನ ಎತ್ತರವನ್ನು ತಿಳಿದವರ ಹತ್ತಿರ ಸರಿ ಮಾಡಿಸಿ. ನೆಲಕ್ಕೆ ಊರುವ ಎಂಡ್‌ಪಿನ್ ಎತ್ತರ ಹೊಂದಿಸಿ, ಬೆನ್ನು ಬಾಗದಂತೆ ನಿಲ್ಲಿ, ಬೇಕಾದರೆ ಸ್ಟೂಲ್ ಬಳಸಿ. ಎಡಗೈ ಹೆಬ್ಬೆರಳಿನಿಂದ ಹಿಂಡುವ ಬದಲು ತೋಳಿನ ಭಾರವನ್ನು ತಂತಿಯ ಮೇಲೆ ಬಿಡಿ. ಮಣಿಕಟ್ಟು ನೋಯತೊಡಗಿದರೆ ಆ ದಿನದ ಸಾಧನೆ ಅಲ್ಲಿಗೆ ನಿಲ್ಲಿಸಿ, ಉಳಿದ ಹೊತ್ತು ರೆಕಾರ್ಡ್ ಕೇಳಿ, ಬೇಸ್ ಸಾಲನ್ನು ಬಾಯಲ್ಲಿ ಹಾಡಿಕೊಳ್ಳಿ.