ಕತ್ತಿ ಬಿಟ್ಟು ಋಣ ಹಿಡಿದ ನನ್ನ ಸಮುರಾಯ್

ನಾನು ಬರೆದ ಮೊದಲ ಸಮುರಾಯ್ ಒಂದೇ ರೌಂಡಿಗೆ ಖಾಲಿಯಾಗಿಬಿಟ್ಟ. ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದರ ಐದನೇ ಆವೃತ್ತಿಯ ನಿಯಮಗಳ ಮೇಲೆ, ನಮ್ಮ ಭಾನುವಾರದ ಆಟಕ್ಕೆಂದು ಕಟ್ಟಿದ ಕ್ಲಾಸ್, ಅಂದರೆ ಪಾತ್ರದ ಕಸುಬು, ಅದು. ಹಿಟ್ ಡೈ, ಅಂದರೆ ಜೀವದ ಅಂಕ (ಹಿಟ್ ಪಾಯಿಂಟ್) ನಿರ್ಧರಿಸುವ ದಾಳ, ಡಿ10 (ಹತ್ತು ಮುಖದ್ದು), ಸೊಂಟದಲ್ಲಿ ಕಟಾನಾ ಕತ್ತಿ, ಜೊತೆಗೆ ನನಗೆ ತುಂಬ ಹಿಡಿಸಿದ ಒಂದು ವಿದ್ಯೆ: ಒರೆಯಿಂದ ಕತ್ತಿ ಹಿರಿಯುತ್ತಲೇ ಹಾಕುವ ಮೊದಲ ಏಟಿಗೆ ಹೆಚ್ಚುವರಿ 2ಡಿ6 (ಆರು ಮುಖದ ಎರಡು ದಾಳ) ಹಾನಿ. ಕತ್ತಿಯ ಡಿ8, ಅದಕ್ಕೆ ಪಾತ್ರದ ಸಾಮರ್ಥ್ಯದ 3, ಮೇಲೆ 2ಡಿ6 ಅಂದರೆ ಸರಾಸರಿ 14.5. ಎದುರಿಗಿದ್ದ ಗಾಬ್ಲಿನ್‌ಗೆ ಇದ್ದದ್ದೇ 7 ಹಿಟ್ ಪಾಯಿಂಟ್. ಅರ್ಧ ಏಟು ದಂಡ. ಆಮೇಲೆ ಮೂರು ರೌಂಡ್ ಆ ಪಾತ್ರ ಆಡುತ್ತಿದ್ದ ಗೆಳೆಯ ದಾಳ ಉರುಳಿಸಿ "ಬಿತ್ತು", "ತಪ್ಪಿತು" ಅನ್ನುತ್ತ ಕೂತ. ಅವನ ಕೈಗೆ ನಾನು ಬೇರೇನೂ ಕೊಟ್ಟಿರಲಿಲ್ಲ.

2017ರಲ್ಲಿ ಬಂದ ಅಧಿಕೃತ ಸಮುರಾಯ್, ಫೈಟರ್ ಎಂಬ ಕ್ಲಾಸಿನ ಒಂದು ಉಪವರ್ಗ. ಮೂರು ಸಲ ಅಡ್ವಾಂಟೇಜ್ (ದಾಳವನ್ನು ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು) ತೆಗೆದುಕೊಳ್ಳಬಹುದು, ಜೊತೆಗೆ ತಾತ್ಕಾಲಿಕ ಹಿಟ್ ಪಾಯಿಂಟ್ ಸಿಗುತ್ತದೆ. ದೀರ್ಘ ವಿಶ್ರಾಂತಿಯಾದ ಮೇಲೆ ಮತ್ತೆ ಮೂರು. ಕಾದಾಟಕ್ಕೆ ಗಟ್ಟಿಯಾದ ನಿಯಮ. ಆದರೆ ಸಮುರಾಯ್ ಎಂಬ ಪದದ ಬೇರು 'ಸೇವೆಯಲ್ಲಿರುವುದು'. ಯಾರ ಸೇವೆ? ಆ ಪುಟಗಳಲ್ಲಿ ಒಡೆಯ ನನಗೆ ಸಿಗಲಿಲ್ಲ. ಅದಕ್ಕೇ ನಾನೇ ಬರೆಯಲು ಕೂತದ್ದು.

ಎರಡನೇ ಸಲ ಮಾನದ ಅಂಕಗಳನ್ನು ತಂದೆ. ಶುರುವಿಗೆ 10, ಸುಳ್ಳಾಡಿದರೆ ಒಂದು ಕಳೆ, ಓಡಿಹೋದರೆ ಎರಡು ಕಳೆ. ಇದು ಇನ್ನೂ ಕೆಟ್ಟಿತು. ಸಮುರಾಯ್ ಆಡುವವನು ತನ್ನ ಅಂಕ ಕಾಪಾಡಿಕೊಳ್ಳಲು ಗುಂಪಿನಲ್ಲಿ ಕಳ್ಳಿಯ ಪಾತ್ರ ಆಡುವವಳಿಗೆ ಕಾವಲು ಕೂತ. ಮೂರನೇ ವಾರಕ್ಕೆ ಅವಳು ತನ್ನ ಪಾತ್ರದ ವಿವರವಿದ್ದ ಶೀಟ್ ಕೆಳಗಿಟ್ಟು, "ಒಂದೊಂದು ಬೀಗ ತೆಗೆಯೋಕೂ ಇವನ ಮುಖ ನೋಡ್ಬೇಕೇನೋ?" ಅಂದಳು. ಅವಳ ಸಿಟ್ಟು ನ್ಯಾಯವಾಗಿತ್ತು. ಒಬ್ಬನ ಕ್ಲಾಸ್ ಉಳಿದವರ ಆಟಕ್ಕೆ ಬೇಲಿಯಾಗಬಾರದು.

ಆಗ ಇತಿಹಾಸ ಓದತೊಡಗಿದೆ. ನಾನು ನಿಯಮವಾಗಿ ಬರೆದಿದ್ದ ಬುಷಿದೋ (ಯೋಧಧರ್ಮ) ಗುಣಗಳ ಪಟ್ಟಿ ಹೊರಜಗತ್ತಿಗೆ ಹಬ್ಬಿದ್ದು 1900ರಲ್ಲಿ ನಿತೊಬೆ ಇನಾಜೊ ಇಂಗ್ಲಿಷಿನಲ್ಲಿ ಬರೆದ ಪುಸ್ತಕದಿಂದ. ಸಮುರಾಯ್‌ಗಳು ಕತ್ತಿ ಕಟ್ಟಿಕೊಂಡು ತಿರುಗುವುದನ್ನು ಸರ್ಕಾರ 1876ರಲ್ಲೇ ನಿಷೇಧಿಸಿತ್ತು. ಹಿಂದಕ್ಕೆ ಹೋದಷ್ಟೂ ಕತ್ತಿ ಸಣ್ಣದಾಗುತ್ತದೆ, ಬಿಲ್ಲು ದೊಡ್ಡದಾಗುತ್ತದೆ. ಕಾಮಕುರಾ ಕಾಲದ (ಹದಿಮೂರನೇ ಶತಮಾನದ ಸುಮಾರಿನ) ಯೋಧ ಮೊದಲಿಗೆ ಕುದುರೆಯ ಮೇಲಿನ ಬಿಲ್ಲುಗಾರ. ತನ್ನ ಬಾಳನ್ನು 'ಬಿಲ್ಲು ಕುದುರೆಯ ದಾರಿ' ಎನ್ನುತ್ತಿದ್ದ. ಎರಡು ಮೀಟರಿಗೂ ಉದ್ದದ ಬಿಲ್ಲು, ಹಿಡಿ ನಡುವಿನಲ್ಲಲ್ಲ, ಕೆಳಗಿನಿಂದ ಸುಮಾರು ಮೂರನೇ ಒಂದು ಭಾಗದಲ್ಲಿ.

ನನ್ನ ಕಣ್ಣು ತೆರೆಸಿದವನು ತಾಕೆಜಾಕಿ ಸುಎನಾಗ. 1274ರಲ್ಲಿ ಮಂಗೋಲರು ಜಪಾನಿನ ಕ್ಯೂಶೂ ದ್ವೀಪಕ್ಕೆ ನುಗ್ಗಿದಾಗ ಮುಂದೆ ನಿಂತು ಕಾದಿದವನು. ಬಹುಮಾನ ಬರಲಿಲ್ಲ. ಮರುವರ್ಷ ಕುದುರೆ, ತಡಿ ಮಾರಿ ಖರ್ಚಿಗೆ ಹೊಂದಿಸಿಕೊಂಡು, ಆಳುವವರ ನೆಲೆಯಾದ ಕಾಮಕುರಾದವರೆಗೆ ಹೋದ. ಅಧಿಕಾರಿಯ ಮುಂದೆ ನಿಂತು ತನಗೆ ಸಲ್ಲಬೇಕಾದ್ದನ್ನು ಕೇಳಿದ. ಭೂಮಿಯ ಮೇಲ್ವಿಚಾರಣೆಯ ಹುದ್ದೆ ಸಿಕ್ಕಿತು, ಒಂದು ಕುದುರೆಯೂ ಸಿಕ್ಕಿತು. ಇಲ್ಲಿ ಮಾನ ಅಂದರೆ ಇಬ್ಬರ ನಡುವಿನ ಲೆಕ್ಕ: ಒಡೆಯ ಕೊಡುತ್ತಾನೆ, ಬಂಟ ಸಲ್ಲಿಸುತ್ತಾನೆ, ಬಾಕಿ ಉಳಿದರೆ ಕೇಳುವ ಹಕ್ಕು ಬಂಟನಿಗಿದೆ.

ಇದನ್ನೇ ನಿಯಮ ಮಾಡಿದೆ. ಕ್ಯಾರೆಕ್ಟರ್ ಶೀಟಿನ ಹಿಂಬದಿಗೆ ಎರಡು ಕಾಲಂ: 'ಪಡೆದದ್ದು', 'ಸಲ್ಲಿಸಿದ್ದು'. ಒಡೆಯ ಕುದುರೆ ಕೊಟ್ಟ, ಜೀವ ಉಳಿಸಿದ, ಮನೆಮಂದಿಗೆ ಅನ್ನ ಹಾಕಿದ ಅಂದರೆ 'ಪಡೆದದ್ದು' ಕೆಳಗೆ ಒಂದು ಗೆರೆ. ಪ್ರೊಫಿಷಿಯನ್ಸಿ ಬೋನಸ್ (ಪಾತ್ರ ಪಳಗಿದಂತೆ ಏರುವ ಅಂಕ) ಎಷ್ಟೋ ಅಷ್ಟೇ ಗೆರೆ, ಶುರುವಿಗೆ 2. ಒಡೆಯನ ಕೆಲಸಕ್ಕಾಗಿ ದಾಳ ಉರುಳಿಸುವಾಗ ಒಂದು ಗೆರೆ ಖರ್ಚು ಮಾಡಿ ಡಿ6 ಸೇರಿಸಬಹುದು. ಆ ಗೆರೆ 'ಸಲ್ಲಿಸಿದ್ದು' ಕಡೆಗೆ ದಾಟುತ್ತದೆ. ಅಲ್ಲಿ ಮೂರಾದರೆ ಒಡೆಯನ ಎದುರು ನಿಂತು ಕೇಳಬಹುದು, ಡಿಎಂ (ಕಥೆ ನಡೆಸುವವನು) ಉತ್ತರ ಕೊಡಲೇಬೇಕು. ಇಲ್ಲ ಅಂದರೆ ಬಂಟ ಎದ್ದು ಹೋಗಲು ಸ್ವತಂತ್ರ. ಶಿಕ್ಷೆ ಎಲ್ಲೂ ಇಲ್ಲ.

ಮೇಜಿನ ಮುಂದೆ ಇದನ್ನು ಜಪಾನಿ ಪದಗಳಲ್ಲಿ ಹೇಳಿದರೆ ಯಾರಿಗೂ ಹತ್ತಲಿಲ್ಲ. ಕಳ್ಳಿಯ ಪಾತ್ರ ಮಾಡುವವಳು ಕನ್ನಡ ಎಂ.ಎ. "ಜೋಳದ ಪಾಳಿ ಅಲ್ವಾ ಇದು!" ಅಂದಳು. ಹೌದು, ಅನ್ನವಿಟ್ಟ ಒಡೆಯನಿಗೆ ಪ್ರಾಣವನ್ನೂ ಸಲ್ಲಿಸುವ ಪಾಳಿ. ನಮ್ಮಲ್ಲಿ ಜೋಳ, ಅಲ್ಲಿ ಅಕ್ಕಿ. ಎದೋ ಕಾಲದಲ್ಲಿ (1603–1868) ಸಮುರಾಯ್ ಸಂಬಳವನ್ನು ಕೊಕುವಿನಲ್ಲಿ ಎಣಿಸುತ್ತಿದ್ದರು. ಒಂದು ಕೊಕು ಸುಮಾರು 180 ಲೀಟರ್ ಅಕ್ಕಿ, ಒಬ್ಬರ ವರ್ಷದ ಊಟ ಎಂಬ ಲೆಕ್ಕ. ಅವತ್ತಿನಿಂದ ನಮ್ಮ ಮೇಜಿನಲ್ಲಿ ಆ ಗೆರೆಗಳ ಹೆಸರು 'ಪಾಳಿ'.

ಕುದುರೆಯ ಮೇಲಿನ ಬಿಲ್ಲುಗಾರನಾದ ಈ ಹೊಸ ಸಮುರಾಯ್‌ಗೆ ಕುದುರೆಯದ್ದು ಬೇರೆ ತೊಡಕು. ಗುಹೆಯ ಬಾಗಿಲಲ್ಲಿ ಅದನ್ನು ಕಟ್ಟಿ ಒಳಗೆ ಹೋದರೆ ಅರ್ಧ ಕ್ಲಾಸ್ ಹೊರಗೇ ಉಳಿಯಿತು. ಹಾಗಾಗಿ ನಿಯಮವನ್ನು ಚಲನೆಗೆ ಕಟ್ಟಿದೆ: ಬಾಣ ಬಿಡುವ ಮುನ್ನ ಅದೇ ಸರದಿಯಲ್ಲಿ 20 ಅಡಿ ಸರಿದಿದ್ದರೆ ಹಾನಿಗೆ ಡಿ6 ಹೆಚ್ಚು. ಕಾಲ್ನಡಿಗೆಯಲ್ಲೂ ನಡೆಯುತ್ತದೆ, ಕುದುರೆಯ 60 ಅಡಿ ವೇಗದಲ್ಲಿ ಬಾಣ ಬಿಟ್ಟ ಮೇಲೂ ದೂರ ಸರಿದುಬಿಡಬಹುದು.

ಕೊನೆಗೆ ಸೇರಿಸಿದ್ದು ಹೆಸರು ಸಾರುವುದು. ಹಳೆಯ ಯುದ್ಧಕಥನಗಳಲ್ಲಿ ಯೋಧರು ತಮ್ಮ ಹೆಸರು, ವಂಶ ಸಾರಿ ಸರಿಜೋಡಿಯನ್ನು ಕರೆಯುತ್ತಾರೆ. ಬೋನಸ್ ಆ್ಯಕ್ಷನ್ (ಸರದಿಯಲ್ಲಿ ಸಿಗುವ ಹೆಚ್ಚುವರಿ ಚಿಕ್ಕ ನಡೆ) ಖರ್ಚು ಮಾಡಿ ಒಬ್ಬ ವೈರಿಯನ್ನು ಕರೆದರೆ, ಮುಂದಿನ ಸರದಿಯವರೆಗೆ ಅವನ ಮೇಲೆ ನಿನಗೂ, ನಿನ್ನ ಮೇಲೆ ಅವನಿಗೂ ಅಡ್ವಾಂಟೇಜ್. ಒಂದು ಷರತ್ತು: ಆಟಗಾರ ಬಾಯಿಬಿಟ್ಟು ಹೇಳಬೇಕು.

ಕಳೆದ ತಿಂಗಳು ಕಥೆಯಲ್ಲಿ ಒಡೆಯ ಸತ್ತ. ಗೆಳೆಯನ ಶೀಟಿನಲ್ಲಿ ಇನ್ನೂ ಎರಡು ಪಾಳಿ ಬಾಕಿ ಇತ್ತು. ಅವನು ಸುಮ್ಮನೆ ರಬ್ಬರ್ ತೆಗೆದುಕೊಂಡು ಒಡೆಯನ ಹೆಸರು ಅಳಿಸಿ, ಅಲ್ಲಿ ಆ ಸತ್ತವನ ಎಂಟು ವರ್ಷದ ಮಗಳ ಹೆಸರು ಬರೆದ. ಆಮೇಲೆ ಎದ್ದು ನಿಂತು, ಕೋಟೆಯ ಬಾಗಿಲಲ್ಲಿದ್ದ ವೈರಿಯನ್ನು ಕರೆದ. ತನ್ನ ಹೆಸರಿಗಿಂತ ಮೊದಲು ಆ ಹುಡುಗಿಯ ಹೆಸರು ಹೇಳಿದ.