ತಿಳಿಸಾರಿನ ಜೊತೆಗೆ ಗರಿಗರಿ ಕಾಚರ್ಯಾ

ಪುಣೆಗೆ ಬಂದ ಹೊಸದರಲ್ಲಿ ಎದುರು ಮನೆಯ ಕಾಕೂ ಒಂದು ಬಟ್ಟಲು ಕಾಚರ್ಯಾ ಕೊಟ್ಟರು. ತೆಳ್ಳಗೆ ಹೆಚ್ಚಿ ಗರಿಗರಿಯಾಗಿ ಹುರಿದ ಆಲೂಗಡ್ಡೆ. ಇಲ್ಲಿಯವರು ಅದನ್ನು ವರಣ-ಭಾತ್, ಅಂದರೆ ತೊವ್ವೆ-ಅನ್ನದ ಜೊತೆ ಉಣ್ಣುತ್ತಾರೆ. ನಾನು ನಮ್ಮ ತಿಳಿಸಾರು ಅನ್ನದ ಜೊತೆ ತಿಂದೆ. ಆಮೇಲೆ ನಮ್ಮ ಮನೆಯಲ್ಲಿ ಹಪ್ಪಳ ಕೇಳುವವರೇ ಇಲ್ಲ.

ನಾನೇ ಮಾಡಲು ಹೋದಾಗ ಮಾತ್ರ ಪಲ್ಯ ಆಗುತ್ತಿತ್ತು. ಒಂದು ಸಲವಂತೂ ಹೊರಗೆಲ್ಲ ಕಪ್ಪು, ಒಳಗೆ ಮೆತ್ತಗೆ. ಕಾಕೂ ಬಂದು ನೋಡಿ, "ಬಟಾಟಾ ಫ್ರಿಜ್‌ನಲ್ಲಿ ಇಟ್ಟಿದ್ಯಾ?" ಅಂದರು. ಹೌದು, ಇಟ್ಟಿದ್ದೆ. ಹೆಚ್ಚು ತಂಪಿನಲ್ಲಿಟ್ಟರೆ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ. ಸಕ್ಕರೆ ಬೇಗ ಕಪ್ಪಾಗುತ್ತದೆ, ಅಲ್ವಾ? ಗರಿಯಾಗುವ ಮೊದಲೇ ಕರಕಲು. ಈಗ ಬುಟ್ಟಿಯಲ್ಲಿ, ಗಾಳಿಯಾಡುವ ಕತ್ತಲೆ ಮೂಲೆಯಲ್ಲಿ ಇಡುತ್ತೇನೆ. ತರಕಾರಿ ಮಾರುಕಟ್ಟೆಯಲ್ಲಿ ಆರಿಸುವಾಗಲೂ ಸಿಪ್ಪೆ ಸುಲಿದು ಹೋಗುವಂಥ ಎಳೆಯದನ್ನು ಬಿಟ್ಟು, ಬಲಿತು ಗಟ್ಟಿಯಾದದ್ದನ್ನೇ ತರುತ್ತೇನೆ. ಎಳೆಯದರಲ್ಲಿ ನೀರು ಜಾಸ್ತಿ.

ನಾಲ್ಕು ಜನಕ್ಕೆ ನಾಲ್ಕು ಆಲೂಗಡ್ಡೆ ಸಾಕು. ಎರಡು ಹೋಳು ಮಾಡಿ, ರೂಪಾಯಿ ನಾಣ್ಯದಷ್ಟು ತೆಳ್ಳಗೆ ಹೆಚ್ಚುತ್ತೇನೆ. ಒಂದು ದಪ್ಪ ಒಂದು ತೆಳು ಆದರೆ ಒಂದು ಸೀದು ಇನ್ನೊಂದು ಹಸಿ ಉಳಿಯುತ್ತದೆ. ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆಯಬೇಕು, ಇಲ್ಲದಿದ್ದರೆ ಪಿಷ್ಟ ಅಂಟಿ ಎಲ್ಲ ಮುದ್ದೆಯಾಗುತ್ತದೆ. ಆಮೇಲೆ ಹತ್ತಿ ಬಟ್ಟೆಯ ಮೇಲೆ ಹರಡಿ ಒರೆಸುವುದು. ಇದರಲ್ಲಿ ಅವಸರ ಬೇಡ. ಹೋಳು ಎತ್ತಿದರೆ ಬೆರಳಿಗೆ ತೇವ ಅಂಟಬಾರದು.

ಅಗಲವಾದ ಕಬ್ಬಿಣದ ಬಾಣಲೆ, ನಾಲ್ಕು ಚಮಚ ಎಣ್ಣೆ. ಸಾಸಿವೆ, ಇಂಗು, ಅರಿಶಿನ, ತಕ್ಷಣ ಹೋಳು. ಬಾಣಲೆ ತುಂಬ ತುಂಬಬಾರದು. ನಾನು ಎರಡು ಸಲಕ್ಕೆ ಮಾಡುತ್ತೇನೆ. ಮುಚ್ಚಳ ಹಾಕಲೇಬಾರದು, ಆವಿ ಇಳಿದು ಬೇಯುತ್ತದೆ. ಮೊದಲ ನಾಲ್ಕೈದು ನಿಮಿಷ ಕೈಯಾಡಿಸದೆ ಸುಮ್ನೆ ಬಿಡಿ. ತಳದ ಹೋಳು ಕೆಂಪಾದ ಮೇಲೆ ಸಟ್ಟುಗದಿಂದ ಅಡಿಯಿಂದ ಮಗುಚಿ.

ನಾನು ಗಡಿಯಾರಕ್ಕಿಂತ ಕಿವಿಯನ್ನು ನಂಬುತ್ತೇನೆ. ಶುರುವಿನಲ್ಲಿ ಜೋರಾಗಿ ಚುರ್ ಅನ್ನುತ್ತದೆ, ಅದು ನೀರಿನ ಸದ್ದು. ನೀರು ಆರುತ್ತಾ ಬಂದಂತೆ ಸದ್ದು ಇಳಿಯುತ್ತದೆ. ಕೊನೆಗೆ ಮಗುಚಿದರೆ ಹೋಳುಗಳು ಬಾಣಲೆಗೆ ತಾಗಿ ಕಟಕಟ ಅನ್ನುತ್ತವೆ. ಆಗ ಉರಿ ಆರಿಸಿ ಉಪ್ಪು, ಖಾರದ ಪುಡಿ ಹಾಕುತ್ತೇನೆ. ಉಪ್ಪು ಮೊದಲೇ ಬಿದ್ದರೆ ನೀರು ಬಿಡುತ್ತದೆ, ಖಾರ ಮೊದಲೇ ಬಿದ್ದರೆ ಸೀದು ಘಾಟು.

ಎಲ್ಲರ ತಟ್ಟೆಗೂ ಸಾರು ಬಡಿಸಿದ ಮೇಲೆಯೇ ಬಾಣಲೆ ಇಳಿಸುವುದು. ಡಬ್ಬಿಗೆ ಹಾಕಿ ಮುಚ್ಚಿಟ್ಟರೆ ಮತ್ತೆ ಪಲ್ಯವೇ.