ಗೂಡು ಹಿಡಿಯುವ ಬೆರಳು

ರೇಷ್ಮೆ ಗೂಡುಗಳಲ್ಲಿ ಕಲೆ ಹಿಡಿದವನ್ನು ಆರಿಸಿ ತೆಗೆಯುವ ರೋಬೋಟ್ ತೋಳೊಂದನ್ನು ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಬೇಕೆಂದು ಬಹಳ ದಿನದ ಆಸೆಯಿತ್ತು. ಸಿದ್ಧ ತೋಳಿಗೆ ಹೇಳಿದ ಬೆಲೆ ಹಲವು ಲಕ್ಷ. ನಮ್ಮ ವಿಭಾಗದ ವರ್ಷದ ಅನುದಾನವೇ ಅಷ್ಟಿರಲಿಲ್ಲ.

ಆಗ ಕೈಹಿಡಿದದ್ದು ಎಸ್‌ಒ-100. ದಿ ರೋಬೋಟ್ ಸ್ಟುಡಿಯೋ ಮತ್ತು ಹಗ್ಗಿಂಗ್ ಫೇಸ್ ಎಂಬ ಸಂಸ್ಥೆಗಳು 2024ರಲ್ಲಿ ಹೊರತಂದ ಈ ತೋಳಿನ ವಿನ್ಯಾಸವನ್ನು ಯಾರು ಬೇಕಾದರೂ ಪಡೆದು, ತಿದ್ದಿ, ತಯಾರಿಸಬಹುದು. ನಾವು ಕೈಯಿಂದ ಆಡಿಸುವ ತೋಳು ಒಂದು, ಅದರ ಚಲನೆಯನ್ನೇ ಅನುಸರಿಸಿ ಆಡುವ ತೋಳು ಇನ್ನೊಂದು. ಒಂದೊಂದಕ್ಕೂ 6 ಮೋಟರ್. ತೋಳಿನ ಪ್ಲಾಸ್ಟಿಕ್ ಭಾಗಗಳನ್ನು ನಮ್ಮ ತ್ರೀಡಿ ಪ್ರಿಂಟರಿನಲ್ಲೇ ಮುದ್ರಿಸಿಕೊಂಡೆವು. ಖರ್ಚಿನ ಬಹುಪಾಲು ಮೋಟರುಗಳದ್ದೇ.

ಜೋಡಿಸಲು ಕೂರುವವರು ಇದೊಂದನ್ನು ಮರೆಯಬಾರದು: ಹೊಸ ಮೋಟರುಗಳೆಲ್ಲ 1 ಎಂಬ ಒಂದೇ ಸಂಖ್ಯೆ ಹೊತ್ತು ಬರುತ್ತವೆ. ಎಲ್ಲವೂ ಒಂದೇ ತಂತಿಯ ಸಾಲಿನಲ್ಲಿರುವುದರಿಂದ ಒಂದನ್ನು ಕರೆದರೆ ಆರೂ ಓಗೊಡುತ್ತವೆ. ಒಂದೊಂದನ್ನೇ ಕಂಪ್ಯೂಟರಿಗೆ ಸಿಕ್ಕಿಸಿ, ಬೇರೆ ಸಂಖ್ಯೆ ಕೊಟ್ಟು, ಮೈಮೇಲೆ ಮಾರ್ಕರಿನಿಂದ ಬರೆದ ಮೇಲೆಯೇ ಸ್ಕ್ರೂ ಬಿಗಿಯಬೇಕು.

ನಿಜವಾದ ತೊಡಕು ಬೆರಳಿನಲ್ಲಿತ್ತು. ಮುದ್ರಿತ ಪ್ಲಾಸ್ಟಿಕ್ಕಿನ ಮೇಲೆ ಪದರ ಪದರವಾಗಿ ಸಣ್ಣ ಗೆರೆಗಳಿರುತ್ತವೆ. ಗೂಡಿನ ಮೇಲಿನ ಸಡಿಲ ಎಳೆಗಳು ಅವಕ್ಕೆ ಸಿಕ್ಕಿಕೊಂಡವು. ತೋಳು ಬೆರಳು ಬಿಡಿಸಿದರೂ ಗೂಡು ಬೀಳದೆ ನೇತಾಡುತ್ತಿತ್ತು. ಗಟ್ಟಿಯಾಗಿ ಹಿಡಿದರೆ ಗೂಡು ನಗ್ಗುತ್ತಿತ್ತು. ಬೆರಳಿನ ಆಕಾರವನ್ನೇ ಬದಲಿಸದೆ ಗತಿಯಿರಲಿಲ್ಲ.

ಮೂಲ ವಿನ್ಯಾಸಕಾರರು, ಭಾಗದ ಆಕಾರವನ್ನು ಕಂಪ್ಯೂಟರಿನಲ್ಲಿ ಸುಲಭವಾಗಿ ತಿದ್ದಬಹುದಾದ ಸ್ಟೆಪ್ ಕಡತವನ್ನೂ ಕೊಟ್ಟಿದ್ದರ ಬೆಲೆ ನನಗೆ ಅರ್ಥವಾದದ್ದು ಅಂದು. ಎಸ್‌ಟಿಎಲ್ ಕಡತವೊಂದೇ ಇದ್ದರೆ ಅದು ಬರೀ ತ್ರಿಕೋನಗಳ ಬಲೆ. ಮುದ್ರಿಸಲು ಸಾಕು, ತಿದ್ದಲು ಹೊರಟರೆ ಹೆಣಗಾಟ. ಸ್ಟೆಪ್ ಇದ್ದುದರಿಂದ ವಿದ್ಯಾರ್ಥಿನಿಯೊಬ್ಬಳು ಒಂದೇ ಮಧ್ಯಾಹ್ನದಲ್ಲಿ ಬೆರಳಿನ ಆಕಾರವನ್ನು ತಿದ್ದಿದಳು. ರಬ್ಬರಿನಂತೆ ಬಳುಕುವ ಟಿಪಿಯು ಎಂಬ ಪ್ಲಾಸ್ಟಿಕ್ಕಿನಲ್ಲಿ, ಗೂಡು ತಾಗುವ ಮುಖ ಪ್ರಿಂಟರಿನ ಗಾಜಿಗೆ ಒತ್ತಿಕೊಂಡು ನಯವಾಗಿ ಬರುವಂತೆ ಮಲಗಿಸಿ ಮುದ್ರಿಸಿದೆವು. ಗೂಡು ಬಟ್ಟಲಿಗೆ ಮೆಲ್ಲಗೆ ಜಾರಿ ಬಿದ್ದಾಗ ಪ್ರಯೋಗಾಲಯದಲ್ಲಿದ್ದವರೆಲ್ಲ ಎದ್ದು ನಿಂತಿದ್ದೆವು.

ಆ ಬೆರಳನ್ನು ನಾವೂ ಎಲ್ಲರಿಗೆ ತೆರೆದಿಟ್ಟೆವು. ಸ್ಟೆಪ್ ಕಡತ, ಸ್ಕ್ರೂಗಳ ಅಳತೆ, ಮುದ್ರಣದ ವಿವರಗಳ ಜೊತೆಗೆ ಕೈಕೊಟ್ಟ ನಾಲ್ಕು ಮಾದರಿಗಳನ್ನೂ ಸೇರಿಸಿದೆವು. ಮುಂದಿನವರ ವಾರಗಳನ್ನು ಉಳಿಸುವುದು ಆ ಸೋತ ಮಾದರಿಗಳೇ ಎಂದು ನಾನು ನಂಬುತ್ತೇನೆ. ಅವನ್ನು ಬಚ್ಚಿಟ್ಟು ಗೆದ್ದದ್ದನ್ನಷ್ಟೇ ಹಂಚುವುದು ಅರ್ಧ ಹಂಚಿದ ಹಾಗೆ.

ಎರಡು ತಿಂಗಳಲ್ಲಿ ಧಾರವಾಡದ ಕಡೆಯ ಅಧ್ಯಾಪಕರೊಬ್ಬರಿಂದ ಪತ್ರ ಬಂತು. ಅವರು ಅದೇ ಬೆರಳಿನಿಂದ ಟೊಮೆಟೊ ಎತ್ತಿಸುತ್ತಿದ್ದರು. ಸ್ಕ್ರೂ ಕೂರುವಲ್ಲಿ ಟಿಪಿಯು ಹಿಂಜಿ ಬೆರಳು ಸಡಿಲವಾಗುತ್ತಿದೆ, ತೂತಿಗೊಂದು ಲೋಹದ ವಾಷರ್ ಕೂರುವಷ್ಟು ತಗ್ಗು ಮಾಡಿದ್ದೇವೆ ಎಂದು ಬರೆದು, ತಿದ್ದಿದ ಕಡತವನ್ನೂ ಕಳುಹಿಸಿದ್ದರು. ಈಗ ನಮ್ಮ ತೋಳಿನಲ್ಲಿರುವುದು ಅವರ ಬೆರಳು.